ಪುಟ್ಟಮ್ಮ ಕದಡಿದ ವೈನು

ಗ್ಲುಕ್, ಗ್ಲುಕ್, ಗ್ಲುಕ್. ಕಾನ್ವೆಂಟಿನ ಉಗ್ರಾಣದಲ್ಲಿ ರಬ್ಬರ್ ಟ್ಯೂಬಿನಿಂದ ವೈನು ಬಾಟಲಿಗೆ ಇಳಿಯುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕ್ರಿಸ್‌ಮಸ್ ಹತ್ತಿರವಾದರೆ ನನಗೂ ಗೆಳತಿ ಸ್ಟೆಲ್ಲಾಳಿಗೂ ಬಾಟಲಿ ಹಿಡಿಯುವ ಡ್ಯೂಟಿ. (ಕುಡಿಯುವ ಡ್ಯೂಟಿಯನ್ನು ಯಾರೂ ಕೊಡಲಿಲ್ಲ.) ಸಿಸ್ಟರ್ ಹೇಳುತ್ತಿದ್ದುದು ಒಂದೇ ಮಾತು: "ಡೋಂಟ್ ಶೇಕ್, ಗರ್ಲ್ಸ್. ಗಸಿ ತಳದಲ್ಲೇ ಇರಲಿ."

ಐವತ್ತು ವರ್ಷ ಅದನ್ನೇ ಪಾಲಿಸಿದ್ದೇನೆ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಪ್ರತಿ ವರ್ಷ ಭರಣಿಯಲ್ಲಿ ದ್ರಾಕ್ಷಿ ಹುಳಿಸಿ, ಸೋಸಿ, ಬಾಟಲಿಗೆ ತುಂಬುತ್ತೇನೆ. ಎಷ್ಟು ಸೋಸಿದರೂ ತಳದಲ್ಲಿ ಬೆರಳು ದಪ್ಪ ಗಸಿ ಕೂರುತ್ತದೆ. ಕೂರಲಿ. ಅಲುಗಿಸದೆ ಬಗ್ಗಿಸಿದರೆ ಮೇಲಿನದೆಲ್ಲ ಮಾಣಿಕ್ಯ.

ಹೋದ ಭಾನುವಾರ ಮೈಸೂರಿನಿಂದ ಸ್ಟೆಲ್ಲಾ ಊಟಕ್ಕೆ ಬಂದಳು. ಒಂಬತ್ತು ವರ್ಷದ ಮೇಲೆ. ಅವಳ ಅಮ್ಮ ತೀರಿಕೊಂಡಾಗ ನಾನು ಹೋಗಿರಲಿಲ್ಲ. ಅಂದಿನಿಂದ ಮಾತು ನಿಂತಿತ್ತು. ಈಗ ತಾನಾಗಿಯೇ ಫೋನ್ ಮಾಡಿ ಬರ್ತೀನಿ ಅಂದಿದ್ದಳು. ಈ ಸಲವೂ ಕೆಟ್ಟರೆ ರಿಪೇರಿ ಮಾಡಿಕೊಳ್ಳುವ ವಯಸ್ಸು ನಮ್ಮಿಬ್ಬರದೂ ಅಲ್ಲ. ಹಳೆಯದನ್ನು ಎತ್ತದೆ ನೀಟಾಗಿ ಊಟ ಮುಗಿಸುವುದು ನನ್ನ ಪ್ಲಾನ್.

ವೈನು ಬಗ್ಗಿಸಿದೆ. ಕೆಸರು. ಎರಡನೇ ಬಾಟಲಿ? ಅದೂ ಕೆಸರು, ಹೊಳೆಗೆ ಹೊಸ ನೀರು ಬಂದ ಹಾಗೆ.

ಅಡುಗೆಮನೆಯಿಂದ ಪುಟ್ಟಮ್ಮ ಇಣುಕಿದಳು. ಲೊಕ್ಕನಹಳ್ಳಿಯವಳು, ನಮ್ಮ ಮನೆ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ. (ಅಂದರೆ ಈಗ ಯಜಮಾನಿ ಅವಳೇ.)

"ಈ ಸಲ ಬಾಟ್ಲಿನ ಅಡ್ಗೆಮನೇಲಿ ಮಡಗಿದ್ರಲ್ಲ, ತಳ ಇಡ್ಕಂಡಿತ್ತು ಕಣವ್ವ. ದಿನಾ ಬೆಳಿಗ್ಗೆ ಅಲ್ಲಾಡ್ಸಿ ಮಡಗ್ತಿದ್ದೆ. ಅಂಬ್ಲಿನ ಕದಡ್ದೆ ಕುಡುದ್ರೆ ಬರೀ ನೀರಲ್ವಾ? ಸತ್ವ ಎಲ್ಲ ಅಡೀಲೇ ಕುಂತಿರ್ತದೆ."

ರಾಗಿ ಅಂಬಲಿಯ ಮಟ್ಟಿಗೆ ಅವಳ ಮಾತು ಹಂಡ್ರೆಡ್ ಪರ್ಸೆಂಟ್ ಸರಿ.

ಸ್ಟೆಲ್ಲಾ ಗ್ಲಾಸು ಎತ್ತಿ, ಕಣ್ಣು ಮುಚ್ಚಿ, ಗಸಿಯ ಸಮೇತ ಪೂರ್ತಿ ಕುಡಿದಳು. "ಸಿಸ್ಟರ್ ಇದ್ದಿದ್ರೆ ನಿನ್ನ ಬೆಂಚ್ ಮೇಲೆ ನಿಲ್ಲಿಸೋರು ಕಣೇ."

"ಈ ವಯಸ್ನಲ್ಲಿ ಬೆಂಚ್ ಅತ್ಸಿದ್ರೆ ಇಳ್ಸೋರ್ಯಾರು?" ಅಂದಳು ಪುಟ್ಟಮ್ಮ.

ಮೂವರೂ ನಕ್ಕೆವು. ನಗು ನಿಂತ ಮೇಲೆ ಸ್ಟೆಲ್ಲಾ ಮೆಲ್ಲಗೆ ಕೇಳಿದಳು: "ಅಮ್ಮ ಹೋದಾಗ ಯಾಕೆ ಬರ್ಲಿಲ್ಲ ನೀನು?"

ಪ್ಲಾನ್ ಮುಗಿಯಿತು.

"ನಮ್ಮಮ್ಮ ಹೋಗಿ ಆಗ ಎರಡೇ ತಿಂಗಳು. ಇನ್ನೊಬ್ಬ ಅಮ್ಮನ್ನ ಹಾಗೆ ಮಲಗಿಸಿರೋದು ನೋಡೋ ಧೈರ್ಯ ಇರ್ಲಿಲ್ಲ. ಬಸ್ ಸಿಗ್ಲಿಲ್ಲ ಅಂದಿದ್ದು ಸುಳ್ಳು."

"ಸುಳ್ಳು ಅಂತ ಗೊತ್ತಿತ್ತು. ಕೊಳ್ಳೇಗಾಲದಿಂದ ಮೈಸೂರಿಗೆ ಬಸ್ ಸಿಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ನಿಜ ಹೇಳೋಕೆ ಒಂಬತ್ತು ವರ್ಷ ಬೇಕಿತ್ತಾ?"

ಬೇಕಿರಲಿಲ್ಲ. ಐ ನೋ.

ಅಂದು ಸಂಜೆ ಅವಳನ್ನು ಬೀಳ್ಕೊಟ್ಟಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು: "ಅಮ್ಮನ ಸಮಾಧಿಗೆ ಯಾವತ್ತು ಬರ್ತೀಯೇ?"