ಎಡದ್ದು ಸ್ವಲ್ಪ ಕಡಿಮೆ

ಆ ಹಳೆಯ ಆಂಪ್ಲಿಫೈಯರ್ ಹೊತ್ತಿ ಉರಿಯಬಹುದಿತ್ತು. ಮಣ್ಣಗುಡ್ಡದಿಂದ ಪಡೀಲಿಗೆ ತರುವಾಗ ಪಂಪ್‌ವೆಲ್ ಸರ್ಕಲ್ಲಿನ ಯಾವುದಾದರೂ ಹೊಂಡಕ್ಕೆ ರಿಕ್ಷಾ ಹಾರಿ, ಒಳಗಿನ ಟ್ರಾನ್ಸ್‌ಫಾರ್ಮರ್ ಕಿತ್ತು ನನ್ನ ಮಡಿಲಿಗೆ ಬೀಳಬಹುದಿತ್ತು. ಸಿಡಿಲು ಬಡಿಯಬಹುದಿತ್ತು. ಹಲ್ಲಿಯೊಂದು ಹಿಂದಿನ ಜಾಲರಿಯಿಂದ ಒಳಗೆ ಹೋಗಿ ತಾನೂ ಸತ್ತು ಅದನ್ನೂ ಕೊಲ್ಲಬಹುದಿತ್ತು. ಮೇಲಿನ ಮನೆಯವರು ಪೊಲೀಸರಿಗೆ ಫೋನು ಮಾಡಬಹುದಿತ್ತು. ಹೆಂಡತಿ ನನ್ನನ್ನೂ ಅದನ್ನೂ ಒಟ್ಟಿಗೆ ಹೊರಗಿಡಬಹುದಿತ್ತು. ನಾನು ಇನ್ಶೂರೆನ್ಸ್ ಕಚೇರಿಯಲ್ಲಿ ಕ್ಲೇಮುಗಳನ್ನು ನೋಡುವವನು. ಜನರ ಮನೆಯಲ್ಲಿ ಏನೇನು ಕೆಡುತ್ತದೆ ಎಂದು ಓದುವುದೇ ನನ್ನ ಉದ್ಯೋಗವಾದ್ದರಿಂದ, ನನ್ನ ಮನೆಯಲ್ಲಿ ಏನೇನು ಕೆಡಬಹುದು ಎಂದು ಯೋಚಿಸುವುದು ಓವರ್‌ಟೈಮ್.

ಇದರಲ್ಲಿ ಒಂದೂ ಆಗಲಿಲ್ಲ. ಮೊನ್ನೆ ಭಾನುವಾರವೂ ಅದರಲ್ಲಿ ಹಾಡು ಹಾಕಿದೆ. ಸ್ವಲ್ಪ ಬಿಸಿಯಾದದ್ದೇ ತಡ, ಅದರ ಬೆನ್ನಿನಿಂದ ಊದುಬತ್ತಿಯ ವಾಸನೆ ಎದ್ದು ಕೋಣೆಯೆಲ್ಲ ತುಂಬಿತು. ನಮ್ಮ ಮನೆಯಲ್ಲಿ ಅದರ ಮುಂದೆ ಯಾರೂ ಊದುಬತ್ತಿ ಹಚ್ಚಿದ್ದಿಲ್ಲ. ಹಚ್ಚುತ್ತಿದ್ದವರು ಅದರ ಮೊದಲಿನ ಯಜಮಾನರು, ನಮ್ಮೆಲ್ಲರ ಬಾಯಲ್ಲಿ ಧಣಿಗಳು. ಹೋಟೆಲಿನ ಗಲ್ಲಾಪೆಟ್ಟಿಗೆಗೆ ಹಚ್ಚುವ ಹಾಗೆ, ಭಾನುವಾರ ಬೆಳಿಗ್ಗೆ ಆಂಪ್ಲಿಫೈಯರಿನ ತಲೆಯ ಮೇಲೆ ಒಂದು ಕಡ್ಡಿ ಊರಿ, ಕೈಮುಗಿದು, ಆಮೇಲೆ ಸ್ವಿಚ್ಚು ಒತ್ತುತ್ತಿದ್ದರು. ಬೂದಿ ಜಾಲರಿಯೊಳಗೆ ಉದುರಿ ಉದುರಿ ಒಳಗೇ ಉಳಿದಿದೆ.

ಮಣ್ಣಗುಡ್ಡದಲ್ಲಿ ನಾವು ಬಾಡಿಗೆಗಿದ್ದಾಗ ಅವರು ನಮ್ಮ ಪಕ್ಕದ ಮನೆಯವರು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಊರಿಗೆ ಬಂದು ಇಲ್ಲೊಂದು ನಡೆಸಿ, ಎರಡನ್ನೂ ಬಿಟ್ಟು ಕೂತವರು. ಬೊಂಬಾಯಿಯಿಂದ ಅವರು ಪ್ರೀತಿಯಿಂದ ತಂದ ವಸ್ತು ಇದೊಂದೇ: ಬೆಳ್ಳಿ ಬಣ್ಣದ ಮುಖ, ಎರಡು ಬದಿಗೆ ಮರ, ನಡುವೆ ಹಳದಿ ಬೆಳಕಿನಲ್ಲಿ ಸದ್ದಿಗೆ ತಕ್ಕ ಹಾಗೆ ಕುಣಿಯುವ ಎರಡು ಮುಳ್ಳುಗಳಿದ್ದ ಜಪಾನಿನ ಆಂಪ್ಲಿಫೈಯರ್. ಭಾನುವಾರ ನಾವು ಕೆಲವರು ಅವರ ಹಾಲಿನಲ್ಲಿ ಸೇರುತ್ತಿದ್ದೆವು. ಹಾಡು ಕೇಳಲಿಕ್ಕೆ ಎಂದು ಹೋಗುವುದು, ಬೈಸಿಕೊಂಡು ಬರುವುದು. ಒಂದೇ ಹಾಡನ್ನು ಎರಡು ಸಲ ಹಾಕಿ, ನಡುವೆ ಏನೋ ಒಂದು ವಯರು ಬದಲಿಸಿ, ವ್ಯತ್ಯಾಸ ಎಂತ ಹೇಳಿ ಎನ್ನುವರು. ನಾನು ಹೇಳಿದ್ದು ಒಮ್ಮೆಯೂ ಸರಿಯಾಗಲಿಲ್ಲ.

"ನಿನ್ನದು ಕಿವಿಯಲ್ಲ ಮಾರಾಯ, ಬಸ್ ಸ್ಟ್ಯಾಂಡ್. ಎಲ್ಲ ಬರ್ತದೆ, ಎಂತದೂ ನಿಲ್ಲುದಿಲ್ಲ."

ನಾನು ನಗುತ್ತಿದ್ದೆ. ಬೈಗುಳ ಚೆನ್ನಾಗಿತ್ತು, ನಿಜವೂ ಆಗಿತ್ತು.

ಇನ್ನೊಬ್ಬರಿದ್ದರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಒಂದು ಭಾನುವಾರ ಅವರು ತಮ್ಮ ಹೊಸ ಅಳಿಯನನ್ನೂ ಕರೆದುಕೊಂಡು ಬಂದಿದ್ದರು. ಅಳಿಯನೆದುರು ಸ್ವಲ್ಪ ಪಾಂಡಿತ್ಯ ತೋರಿಸುವ ಆಸೆ ಇತ್ತೋ ಏನೋ, ಧಣಿಗಳು ಕೇಳುವ ಮೊದಲೇ ವ್ಯತ್ಯಾಸ ಹೇಳಿದರು. ಆ ಸಲ ಧಣಿಗಳು ವಯರು ಬದಲಿಸಿರಲೇ ಇಲ್ಲ.

"ಮ್ಯಾನೇಜರ್ರೇ, ನಿಮಗೆ ದೇವರು ಕಿವಿ ಕೊಟ್ಟದ್ದು ಕನ್ನಡಕ ನಿಲ್ಲಿಸ್ಲಿಕ್ಕೆ."

ಎಲ್ಲರಿಗಿಂತ ಜೋರಾಗಿ ನಕ್ಕವರು ಮ್ಯಾನೇಜರೇ. ಅಳಿಯನೂ ನಕ್ಕ. ಆಮೇಲೆ ಮ್ಯಾನೇಜರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಾ ಕೂತರು… ಅದು ಅಷ್ಟು ಕೊಳಕಾಗಿರಲಿಲ್ಲ.

ನಾವು ಪಡೀಲಿಗೆ ಮನೆ ಬದಲಿಸಿದ ಮೇಲೆ ಒಮ್ಮೆ ಧಣಿಗಳು ಫೋನು ಮಾಡಿ, ಆಂಪ್ಲಿಫೈಯರ್ ಕೊಂಡುಹೋಗು ಎಂದರು. ತನಗೆ ಹೊಸತೊಂದು ಬರಲಿಕ್ಕಿದೆ, ನಿನ್ನ ಕಿವಿಗೆ ಇದು ಹೆಚ್ಚೇ ಆಯಿತು, ಆದರೂ ಬೇರೆಯವರಿಗೆ ಕೊಡುವ ಮನಸ್ಸಿಲ್ಲ ಎಂದರು. ಹೇಳಿದ ಬೆಲೆ ಎಷ್ಟು ನ್ಯಾಯವಾಗಿತ್ತೆಂದರೆ ನನಗೆ ಹೆದರಿಕೆಯಾಯಿತು. ಒಳಗೆ ಏನೋ ಸತ್ತಿರಬೇಕು, ಇಲ್ಲದಿದ್ದರೆ ಯಾಕೆ ಕೊಡುತ್ತಾರೆ? ಅವರೇ ವಯರುಗಳನ್ನು ಬಿಚ್ಚಿ, ಬೈರಾಸಿನಲ್ಲಿ ಒರೆಸಿ, ರಿಕ್ಷಾದಲ್ಲಿ ನನ್ನ ತೊಡೆಯ ಮೇಲಿಟ್ಟರು. ಮಗುವನ್ನು ಹಿಡಿದ ಹಾಗೆ ಹಿಡಿ ಎಂದರು. ಪಡೀಲು ಮುಟ್ಟುವಾಗ ನನ್ನ ಎರಡೂ ಕಾಲು ಮರಗಟ್ಟಿದ್ದವು.

ಭಾನುವಾರದ ಸಭೆಯೂ ಅದರ ಹಿಂದೆಯೇ ನಮ್ಮ ಮನೆಗೆ ಬಂತು. ಮೊದಲ ದಿನ ಧಣಿಗಳು ಎರಡು ಸ್ಪೀಕರುಗಳ ನಡುವೆ ಬೆತ್ತದ ಕುರ್ಚಿ ಎಳೆದು ಕೂತು, ಕಣ್ಣು ಮುಚ್ಚಿ ಕೇಳಿ, ತೀರ್ಪು ಕೊಟ್ಟರು. "ಎಡದ್ದು ಸ್ವಲ್ಪ ಕಡಿಮೆ ಉಂಟು."

ಮರುದಿನವೇ ಆಂಪ್ಲಿಫೈಯರನ್ನು ಪಂಪ್‌ವೆಲ್ಲಿನ ರಿಪೇರಿಯವನಲ್ಲಿಗೆ ಹೊತ್ತುಕೊಂಡು ಹೋದೆ. ಏನೂ ಆಗಿಲ್ಲ ಎಂದ. ಸ್ಪೀಕರುಗಳನ್ನು ಅದಲುಬದಲು ಮಾಡಿದೆ, ವಯರು ಹೊಸತು ಹಾಕಿದೆ. ಮುಂದಿನ ವಾರವೂ ಅದೇ ತೀರ್ಪು. ಈ ಸಲ ಅವರೇ ಎದ್ದು ಬ್ಯಾಲೆನ್ಸ್ ಗುಂಡಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು. ಹಾಗೆ ತಿರುಗಿಸಿದರೆ ಎಡದ ಸ್ಪೀಕರು ಜೋರಾಗುತ್ತದೆ, ಬಲದ್ದು ತಗ್ಗುತ್ತದೆ. ಅವರು ಹೋದ ಮೇಲೆ ನಾನು ಅದನ್ನು ನಡುವಿಗೆ ತಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಗುಂಡಿ ಎಷ್ಟು ಎಡಕ್ಕೆ ಹೋಗುತ್ತಿತ್ತೆಂದರೆ, ನಮಗೆಲ್ಲ ಹಾಡು ಒಂದು ಮೂಲೆಯಿಂದ ಮಾತ್ರ ಬರುತ್ತಿತ್ತು. ಅವರು ಮಾತ್ರ ಹಿತವಾಗಿ ತಲೆದೂಗುತ್ತಿದ್ದರು.

ಬಸ್ ಸ್ಟ್ಯಾಂಡಿಗೂ ಕೊನೆಗೆ ಒಂದು ಬಸ್ಸು ಬಂದು ನಿಂತಿತು. ಆಂಪ್ಲಿಫೈಯರಿಗೆ ಏನೂ ಆಗಿರಲಿಲ್ಲ, ಕಡಿಮೆಯಾದದ್ದು ಧಣಿಗಳ ಎಡಗಿವಿ. ಹೆಂಡತಿಗೆ ಹೇಳಿದರೆ, ಅವಳಿಗೆ ಅದು ಎಂದೋ ಗೊತ್ತಾಗಿತ್ತು. ಹೊಸತು ಬರಲಿಕ್ಕೂ ಇಲ್ಲ ಎಂತದೂ ಇಲ್ಲ, ತನ್ನ ಹಾಲಿನಲ್ಲಿ ಒಬ್ಬರೇ ಕೂತರೆ ತಪ್ಪು ಯಾರದ್ದೆಂದು ಅವರಿಗೆ ಗೊತ್ತಾಗುತ್ತದೆ, ಇಲ್ಲಿಗೆ ಬಂದರೆ ತಪ್ಪು ನಮ್ಮ ಮನೆಯದ್ದಾಗುತ್ತದಲ್ಲ, ಅದಕ್ಕೇ ಮಾರಿದ್ದು ಎಂದಳು. ಪ್ರತಿ ವಾರ ಮಣ್ಣಗುಡ್ಡದಿಂದ ಇಷ್ಟು ದೂರ ಒಬ್ಬ ಮನುಷ್ಯ ಬರುತ್ತಿದ್ದದ್ದು ಆ ಒಂದು ಗಂಟೆ ಮೊದಲಿನ ಧಣಿಯಾಗಿ ಕೂರಲಿಕ್ಕೆ. ಇರಲಿ, ತಪ್ಪು ನಮ್ಮ ಮನೆಯದ್ದೇ ಇರಲಿ ಎಂದುಕೊಂಡೆ.

ಮ್ಯಾನೇಜರಿಗೂ ಗೊತ್ತಾಯಿತು. ಒಂದು ದಿನ ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದು, "ಧಣಿಗಳ ಎಡಗಿವಿ ಹೋಗಿದೆ ಅಲ್ವಾ?" ಎಂದು ಪಿಸುಗುಟ್ಟಿದರು. ಬಲದ್ದೂ ಹೊರಟಿದೆ ಎಂದರು. ಮುಖದಲ್ಲಿ ಬಡ್ತಿ ಸಿಕ್ಕಿದವರ ಕಳೆ.

ಅದರ ಮುಂದಿನ ಭಾನುವಾರ ಹಾಕಿದ್ದು ಒಂದು ಹಳೆಯ ಹಿಂದಿ ಹಾಡಿನ ರೆಕಾರ್ಡು. ಧಣಿಗಳು ಬೊಂಬಾಯಿಯ ದಿನಗಳಿಂದ ಕೇಳಿದ್ದು, ಉಸಿರೆಳೆಯುವ ಜಾಗವೂ ಅವರಿಗೆ ಬಾಯಿಪಾಠ. ಅಷ್ಟರಲ್ಲಿ ಅವರಿಗಾಗಿ ವಾಲ್ಯೂಮು ಎಷ್ಟು ಏರಿಸುತ್ತಿದ್ದೆವೆಂದರೆ ಮಾತಾಡಬೇಕಾದರೆ ಕೂಗಬೇಕಿತ್ತು. ಅವರು ಎಂದಿನಂತೆ ಕಣ್ಣು ಮುಚ್ಚಿ, ಕುರ್ಚಿಯ ಕೈಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ಎರಡನೇ ಚರಣಕ್ಕೆ ಬಂದಾಗ ಮ್ಯಾನೇಜರು ಎದ್ದರು. ಎಲ್ಲರಿಗೂ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ, ಆಂಪ್ಲಿಫೈಯರಿನ ಹತ್ತಿರ ಹೋಗಿ, ವಾಲ್ಯೂಮಿನ ಗುಂಡಿಯನ್ನು ಮೆಲ್ಲಗೆ ಇಳಿಸುತ್ತಾ ಬಂದರು. ಕೊನೆಗೆ ಪೂರ್ತಿ ಮುಚ್ಚಿದರು. ಮುಳ್ಳುಗಳೆರಡೂ ಮಲಗಿದವು. ರೆಕಾರ್ಡು ಸದ್ದಿಲ್ಲದೆ ತಿರುಗುತ್ತಿತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು, ಹೆದ್ದಾರಿಯ ಲಾರಿಗಳ ಸದ್ದು.

ಧಣಿಗಳ ಬೆರಳು ನಿಲ್ಲಲಿಲ್ಲ. ತಲೆದೂಗುತ್ತಾ, ಒಂದು ಕಡೆ ಹುಬ್ಬೇರಿಸಿ, ಆಹಾ ಎಂಬಂತೆ ಕೈ ಎತ್ತಿದರು. ಯಾರೋ ಕರವಸ್ತ್ರ ಬಾಯಿಗೆ ತುರುಕಿಕೊಂಡರು. ನನಗೆ ಆಗ ಇದ್ದ ಚಿಂತೆ ಒಂದೇ, ಮ್ಯಾನೇಜರರ ಉಂಗುರ ತಾಗಿ ಬೆಳ್ಳಿಯ ಮುಖಕ್ಕೆ ಗೀರು ಬೀಳದಿದ್ದರೆ ಸಾಕು ಎಂದು.

ಆಮೇಲೆ ಮ್ಯಾನೇಜರು ಗುಂಡಿಯನ್ನು ಒಮ್ಮೆಲೇ ಮೊದಲಿನಷ್ಟಕ್ಕೇ ತಿರುಗಿಸಿದರು. ಹಾಡು ತುಂಬಿ ಬಂತು. ಧಣಿಗಳ ಬೆರಳು ತಬಲಾದ ಪೆಟ್ಟಿನ ಮೇಲೆ ಸರಿಯಾಗಿ ಬಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಮೌನದಲ್ಲಿ ಅವರು ಹಾಡಿನ ಜೊತೆಗೇ ನಡೆದು ಬಂದಿದ್ದರು.

ಕರವಸ್ತ್ರ ಬಾಯಿಂದ ಹೊರಗೆ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮ್ಯಾನೇಜರು ಎಷ್ಟೋ ಕಾಲದಿಂದ ಕಾಪಿಟ್ಟುಕೊಂಡ ಮಾತೊಂದಿತ್ತು. ಮತ್ತೆ ವಾಲ್ಯೂಮು ಮುಚ್ಚಿ, ಧಣಿಗಳ ಭುಜ ತಟ್ಟಿದರು. ಧಣಿಗಳು ಕಣ್ಣು ಬಿಟ್ಟರು.

"ಹಾಡು ನಿಂತದ್ದೂ ಗೊತ್ತಾಗ್ಲಿಲ್ಲ ನಿಮಗೆ. ನನ್ನ ಕನ್ನಡಕ ಕೊಡ್ಲಾ ಧಣಿ? ನಿಲ್ಲಿಸ್ಲಿಕ್ಕೆ ಕಿವಿ ಉಂಟಲ್ಲ."

ಧಣಿಗಳು ನಗುತ್ತಾ ಕೈಯನ್ನು ಬಲಗಿವಿಗೆ ಹಿಡಿದು, "ಎಂತ?" ಎಂದರು.

ಮ್ಯಾನೇಜರು ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಕೂಗಿ ಹೇಳಬೇಕಾಯಿತು. ಮೊದಲ ಸಲ ಹೇಳುವಾಗ ಇದ್ದ ರುಚಿ ಎರಡನೇ ಸಲಕ್ಕೆ ಇರಲಿಲ್ಲ, ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಪೂರ್ತಿ ಹೇಳಿದರು. ಧಣಿಗಳು ತುಟಿ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಗುಂಡಿಯ ಮೇಲಿದ್ದ ಕೈಯನ್ನು ನೋಡಿದರು, ಮಲಗಿದ್ದ ಮುಳ್ಳುಗಳನ್ನು ನೋಡಿದರು, ತಿರುಗುತ್ತಿದ್ದ ರೆಕಾರ್ಡನ್ನು ನೋಡಿದರು. ಎದ್ದು ಚಪ್ಪಲಿ ಹಾಕಿಕೊಂಡರು.

ನಾನು ರಿಕ್ಷಾದವರೆಗೆ ಬಂದೆ. ಕೂತ ಮೇಲೆ ಅವರು ನನ್ನ ಕೈ ಹಿಡಿದು ಹತ್ತಿರಕ್ಕೆಳೆದರು. ಬೈಗುಳ ಬರುತ್ತದೆ ಎಂದುಕೊಂಡೆ. ಬಂದಿದ್ದರೆ ಒಳ್ಳೆಯದಿತ್ತು.

"ನನ್ನ ತಾಳ ತಪ್ಪಿತ್ತಾ?"

ಮೊದಲ ಸಲ ಅವರು ನನ್ನ ಕಿವಿಯನ್ನು ನಂಬಿ ಏನನ್ನೋ ಕೇಳಿದ್ದು. ರಿಕ್ಷಾ ಸ್ಟಾರ್ಟ್ ಆಗಿತ್ತು. ಮೇಲೆ ನಮ್ಮ ಬಾಲ್ಕನಿಯಲ್ಲಿ ಎಲ್ಲರೂ ಬಂದು ನಿಂತಿದ್ದರು, ಮ್ಯಾನೇಜರೂ. ಅವರಿಗೆಲ್ಲ ಕೇಳಿಸಬಾರದೆಂದು ನಾನು ಧಣಿಗಳ ಮುಖದ ಹತ್ತಿರ ಬಾಗಿ, "ಇಲ್ಲ ಧಣಿ," ಎಂದೆ. ಅವರ ಎಡಗಿವಿಯ ಕಡೆಯಿಂದ ಬಾಗಿದ್ದೆ.

ಅವರು ಉತ್ತರಕ್ಕೆ ಕಾಯುವವರ ಹಾಗೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು… ರಿಕ್ಷಾ ಹೊರಟಿತು.

ಮತ್ತೆ ಅವರು ಬರಲಿಲ್ಲ. ಫೋನು ಮಾಡಿದರೆ ಮನೆಯವರು ಎತ್ತಿ, ಅವರಿಗೆ ಕೇಳುವುದಿಲ್ಲ, ಎಂತ ಹೇಳಬೇಕು ಎನ್ನುತ್ತಿದ್ದರು. ತಾಳ ತಪ್ಪಿರಲಿಲ್ಲ ಎಂಬುದನ್ನು ಮನೆಯವರ ಬಾಯಲ್ಲಿ ಹೇಳಿಸುವುದು ಹೇಗೆ? ಹೋಗಿ ಎದುರು ಕೂತು ಹೇಳುತ್ತೇನೆ, ಮುಂದಿನ ವಾರ, ಅದರ ಮುಂದಿನ ವಾರ ಎಂದು ಇದ್ದೆ. ಹೋದದ್ದು ಅವರು ತೀರಿಕೊಂಡ ದಿನ.

ಮೊನ್ನೆ ಹಾಡು ಮುಗಿದ ಮೇಲೂ ಊದುಬತ್ತಿಯ ವಾಸನೆ ಹೋಗಿರಲಿಲ್ಲ. ಆಂಪ್ಲಿಫೈಯರಿನ ಮುಖ ಒರೆಸಿ ನೋಡಿದೆ, ಎಲ್ಲೂ ಗೀರಿಲ್ಲ. ಮುಳ್ಳುಗಳು ಸರಿಯಾಗಿವೆ, ಎಡದ್ದೂ ಬಲದ್ದೂ ಸಮನಾಗಿದೆ. ಸಿಡಿಲು ಬಡಿದಿಲ್ಲ, ಹಲ್ಲಿ ಹೊಕ್ಕಿಲ್ಲ, ಪೊಲೀಸರು ಬಂದಿಲ್ಲ, ಹೆಂಡತಿ ಒಳಗೇ ಇಟ್ಟುಕೊಂಡಿದ್ದಾಳೆ. ತಪ್ಪಿದ್ದು ಸಣ್ಣದೊಂದು. ಆವತ್ತು ಆ 'ಇಲ್ಲ'ವನ್ನು ನಾನು ಸ್ವಲ್ಪ ಮೆಲ್ಲಗೆ ಹೇಳಿದೆ.