ಸ್ಟೇಷನ್ ಆರು ಮುಚ್ಚಿದ ಮೇಲೆ

ದೆವ್ವ, ಶಕುನ, ಒಳದನಿ ಅಂತೆಲ್ಲ ಮಾತು ಶುರುವಾದರೆ ಎದ್ದು ಹೋಗುವ ಪೈಕಿಯವನು ನಾನು. ಅದಕ್ಕೆ ನನ್ನ ಹವ್ಯಾಸವೂ ಒಂದು ಕಾರಣ. ಹ್ಯಾಮ್ ರೇಡಿಯೋ ಹಿಡಿದವನಿಗೆ ಎಲ್ಲಿಂದಲೋ ಬರುವ ದನಿ ಹೊಸದಲ್ಲ. ಯಾವುದೋ ದೇಶದವರ ಮಾತು ತೇಲಿ ಬರುತ್ತದೆ, ಹಡಗಿನವರು ನಡುವೆ ನುಸುಳುತ್ತಾರೆ, ಪಕ್ಕದ ಮನೆಯ ಟ್ಯೂಬ್‌ಲೈಟ್ ಗೊರಗೊರ ಅನ್ನುತ್ತದೆ. ಪ್ರತಿಯೊಂದಕ್ಕೂ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಚೀನೀ ನೆರೆಯವರು ತಮ್ಮ ಪಂಚಾಂಗದ ಏಳನೆಯ ತಿಂಗಳಲ್ಲಿ ನಮ್ಮ ಬ್ಲಾಕಿನ ಕೆಳಗೆ ಸತ್ತವರಿಗೆಂದು ಅನ್ನ, ಕಿತ್ತಳೆ ಇಟ್ಟು ಊದುಬತ್ತಿ ಹಚ್ಚುವುದನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬಿಕೆಯೇನೂ ಹುಟ್ಟಿಲ್ಲ, ಆದರೆ ನಗುವ ಧೈರ್ಯ ಹೋಗಿದೆ.

ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ನಾವಾಗ ಈ ದ್ವೀಪದೇಶದ ಪುಂಗೋಲ್ ಬಡಾವಣೆಯಲ್ಲಿದ್ದೆವು. ಆ ವರ್ಷ ಒಂದು ದೊಡ್ಡ ರಿಲೇ ಓಟ ನಡೆಯಿತು. ವುಡ್‌ಲ್ಯಾಂಡ್ಸ್‌ನಲ್ಲಿ ಬೆಳಗಿನ ಜಾವ ಹೊರಟು, ಉತ್ತರದ ಅಂಚು ಹಿಡಿದು, ಪುಂಗೋಲ್ ದಾಟಿ, ಮಧ್ಯಾಹ್ನದ ಹೊತ್ತಿಗೆ ಪೂರ್ವದ ಕಡಲ ದಂಡೆಯಲ್ಲಿ ಮುಗಿಯುವ ಓಟ. ತಂಡಕ್ಕೆ ಎಂಟು ಜನ. ಒಬ್ಬರು ತಮ್ಮ ಪಾಲಿನ ದೂರ ಓಡಿ ಬ್ಯಾಟನ್ ಕೊಟ್ಟರೆ ಇನ್ನೊಬ್ಬರು ಅಲ್ಲಿಂದ ಮುಂದಕ್ಕೆ. ದಾರಿಯುದ್ದಕ್ಕೂ ಒಂಬತ್ತು ಕಡೆ ರೇಡಿಯೋ ಹಿಡಿದ ಸ್ವಯಂಸೇವಕರನ್ನು ನಿಲ್ಲಿಸುವ ಕೆಲಸ ನನ್ನ ತಲೆಗೆ ಬಂತು. ಎಲ್ಲರ ಜೇಬಿನಲ್ಲೂ ಫೋನ್ ಇರುವಾಗ ರೇಡಿಯೋ ಯಾಕೆ ಅಂತ ಕೇಳದವರಿಲ್ಲ. ಫೋನಿನಲ್ಲಿ ಒಬ್ಬ ಹೇಳಿದ್ದು ಒಬ್ಬನಿಗೆ ಕೇಳುತ್ತದೆ, ರೇಡಿಯೋದಲ್ಲಿ ಒಬ್ಬ ಹೇಳಿದ್ದು ಒಂಬತ್ತೂ ಜನಕ್ಕೆ ಒಟ್ಟಿಗೆ ಕೇಳುತ್ತದೆ ಅಂತ ಉತ್ತರ ಕೊಡುತ್ತಿದ್ದೆ. ಈ ಮಾತನ್ನು ನೀವೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾಕಿ ಬುಕಿತ್‌ನಲ್ಲಿ ಗೆಳೆಯನೊಬ್ಬನ ಗೋದಾಮಿನ ಮೇಲ್ಮಹಡಿಯಲ್ಲಿ ನನ್ನ ಕಂಟ್ರೋಲ್ ಮೇಜು. ಆಂಟೆನಾ ತಾರಸಿಯ ಮೇಲೆ. ಒಂಬತ್ತು ಸ್ಟೇಷನ್ನುಗಳೂ ನನ್ನನ್ನು ಕೇಳಿಯೇ ಮಾತಾಡಬೇಕು. ನನ್ನ ರೂಲುಗಳು ಕಟ್ಟುನಿಟ್ಟು. ಎಲ್ಲರಿಗೂ ಅರ್ಥವಾಗಬೇಕಾದ್ದರಿಂದ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಏನೇ ಕೇಳಿಸಿದರೂ ಮೊದಲು ಲಾಗ್ ಪುಸ್ತಕದಲ್ಲಿ ಟೈಮ್ ಬರೆದು, ಆಮೇಲೆ ವಿಷಯ ಬರೆದು, ಕೊನೆಗೆ ಯೋಚನೆ ಮಾಡಬೇಕು. ಪೆನ್ನಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಕೊನೆಯ ತಂಡದ ಬ್ಯಾಟನ್ ದಾಟಿದ ಮೇಲೆ ನಾನು ಸ್ಟೇಷನ್ ಮುಚ್ಚಿ ಅಂದ ತಕ್ಷಣ ಸೆಟ್ಟಿನಿಂದ ಬ್ಯಾಟರಿ ಕಳಚಿ ಬ್ಯಾಗಿಗೆ ಹಾಕಬೇಕು, ಯಾಕೆಂದರೆ ಮಾತಾಡುವ ಗುಂಡಿ ಅಕಸ್ಮಾತ್ ಅದುಮಿ ಹೋದರೆ ಎಲ್ಲರ ಮಾತೂ ಕಟ್ಟಿಹೋಗುತ್ತದೆ. ಹಿಂದಿನಿಂದ ನನ್ನನ್ನು ಹೆಡ್‌ಮಾಸ್ತರು ಅಂತ ಕರೆಯುತ್ತಿದ್ದರು. ಗೊತ್ತಿತ್ತು, ಖುಷಿಯೇ ಆಗುತ್ತಿತ್ತು.

ಆರನೇ ಸ್ಟೇಷನ್ ಪುಂಗೋಲಿನ ಕಾಲುವೆ ಪಕ್ಕ. ಅಲ್ಲಿದ್ದವರು ಮೂರ್ತಿ ಅಂಕಲ್. ಮೈಸೂರಿನವರು, ರಿಟೈರ್ ಆಗಿ ಮಗಳ ಮನೆಗೆ ಬಂದು ಇಲ್ಲಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡವರು. ಎಷ್ಟು ಗದರಿದರೂ ಅವರ ಪ್ರತಿ ಮಾತೂ ‘ಬರ್ಕೊಳಪ್ಪ’ ಅಂತಲೇ ಶುರುವಾಗುತ್ತಿತ್ತು, ಆಮೇಲೆ ಇಂಗ್ಲಿಷ್.

ಇನ್ನು ಮೋಹನ. ನನ್ನ ಹೆಂಡತಿ ಸುಮಾಳ ತಮ್ಮ. ಹೊಸದಾಗಿ ಕೆಲಸಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದ. ಓಟಕ್ಕೆ ಎರಡು ದಿನ ಇರುವಾಗ ನಮ್ಮ ಪರಿಚಯದ ತಂಡದಲ್ಲಿ ಒಬ್ಬ ಕಾಲು ಉಳುಕಿಸಿಕೊಂಡ. ನಾನು ಮೋಹನನನ್ನು ದೂಡಿದೆ. ಅವನು ಜ್ವರದಿಂದ ಎದ್ದು ವಾರವೂ ಆಗಿರಲಿಲ್ಲ, ಬೇಡ ಅಂತ ಸುಮಾ ಹಟ ಹಿಡಿದಳು. ಅವನಿಗೂ ಮನಸ್ಸಿರಲಿಲ್ಲ, ಭಾವ ಹೇಳಿದರು ಅಂತ ಒಪ್ಪಿದ. ಆರು ಕಿಲೋಮೀಟರಿಗೆಲ್ಲ ಏನಾಗುತ್ತೆ, ನಾನಿರ್ತೀನಲ್ಲ ಅಂತ ಅವಳಿಗೆ ಹೇಳಿದೆ. ಈ ‘ನಾನಿರ್ತೀನಲ್ಲ’ ಆಮೇಲೆ ನನ್ನನ್ನು ಬಹಳ ಕಾಲ ಕುಟುಕಿತು.

ಅವರದ್ದೇ ಎಲ್ಲಕ್ಕಿಂತ ಹಿಂದಿದ್ದ ತಂಡ. ಮೋಹನ ಆರನೇ ಸ್ಟೇಷನ್ನಿನಲ್ಲಿ ಬ್ಯಾಟನ್ ಕೊಟ್ಟಾಗ ಹನ್ನೊಂದು ಇಪ್ಪತ್ತು. ಅಲ್ಲಿಂದ ನಮ್ಮ ಮನೆ ಕಾಲುವೆ ದಂಡೆಯಲ್ಲೇ, ಎರಡು ಸೇತುವೆಗಳ ಕೆಳಗೆ ಹಾದು, ನಡೆದು ಹೋಗುವಷ್ಟು ದೂರ. ಅಕ್ಕನ ಮನೆ ಇಲ್ಲೇ ಇದೆ, ನಾನು ಓಟಗಾರರ ಬಸ್ಸಿಗೆ ಬರಲ್ಲ ಅಂತ ತಂಡದವರಿಗೆ ಹೇಳಿ ಹೊರಟ. ಫೋನನ್ನು ಬೆಳಗ್ಗೆ ಮನೆಯಲ್ಲೇ ಚಾರ್ಜಿಗೆ ಹಾಕಿ ಬಂದಿದ್ದ. ನಾನು ಕೊನೆಯ ಬ್ಯಾಟನ್ ದಾಟಿತು ಅಂತ ಗುರುತು ಹಾಕಿ ಆರನೇ ಸ್ಟೇಷನ್ ಮುಚ್ಚಿಸಿದೆ. ನಮ್ಮ ಲೆಕ್ಕವೆಲ್ಲ ಬ್ಯಾಟನ್ನಿನ ಲೆಕ್ಕ. ಬ್ಯಾಟನ್ ಕೈಬಿಟ್ಟ ಮನುಷ್ಯ ಎಲ್ಲಿಗೆ ಹೋದ ಅನ್ನುವುದಕ್ಕೆ ನನ್ನ ಅಚ್ಚುಕಟ್ಟಾದ ಲಾಗಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಮೂರ್ತಿ ಅಂಕಲ್ ಬ್ಯಾಟರಿ ಕಳಚಿ, ನಮ್ಮ ಸ್ವಯಂಸೇವಕರ ವ್ಯಾನು ಹತ್ತಿ ಕಡಲ ದಂಡೆ ಕಡೆ ಹೊರಟರು.

ಅಷ್ಟು ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿದೆ, ಸಿಡಿಲು ಬಂದರೆ ಓಟ ನಿಲ್ಲಿಸಬೇಕಾದೀತು ಅಂತ ಆಯೋಜಕರು ನನ್ನ ಜೀವ ತಿನ್ನುತ್ತಿದ್ದರು. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಹೆಡ್‌ಫೋನು. ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಆಗ ಹೆಡ್‌ಫೋನಿನಲ್ಲಿ ಮೂರ್ತಿ ಅಂಕಲ್ ದನಿ ಬಂತು, ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ.

“ಬರ್ಕೊಳಪ್ಪ. ನಿಮ್ಮ ಮೋಹನ ಎರಡನೇ ಬ್ರಿಡ್ಜ್ ಕೆಳಗೆ ಕೂತಿದಾನೆ. ನೀರು ಕೊಟ್ರೆ ಕುಡೀತಿಲ್ಲ.”

ಗಡಿಯಾರ ನೋಡಿ ಹನ್ನೊಂದು ನಲವತ್ತೆರಡು ಅಂತ ಬರೆದೆ, ಮಾತನ್ನೂ ಬರೆದೆ. ಆಮೇಲೆ ನನಗೆ ಬಂದದ್ದು ಸಿಟ್ಟು. ಮುಚ್ಚಿದ ಸ್ಟೇಷನ್ನಿನಿಂದ, ಅದೂ ಕನ್ನಡದಲ್ಲಿ, ಮನೆ ಸುದ್ದಿ! ಓಟ ಮುಗಿಸಿದವನು ನೆರಳಲ್ಲಿ ಕೂತರೆ ಅದೇನು ಮಹಾ ಸುದ್ದಿ? ಸ್ಟೇಷನ್ ಆರು, ನೀವು ಮುಚ್ಚಿದ್ದೀರಿ, ದಯವಿಟ್ಟು ಬ್ಯಾಟರಿ ತೆಗೆಯಿರಿ ಅಂತ ಇಂಗ್ಲಿಷಿನಲ್ಲಿ ಗದರಿದೆ. ಏಳನೇ ಸ್ಟೇಷನ್ನಿನ ಲಿಮ್ ಮಾತ್ರ, ಯಾರ ಜೊತೆ ಮಾತಾಡ್ತಿದ್ದೀರಿ, ನಮಗೇನೂ ಕೇಳಿಸಲಿಲ್ಲವಲ್ಲ ಅಂದ. ಅದನ್ನು ವಿಚಾರಿಸುವಷ್ಟರಲ್ಲಿ ಆಯೋಜಕರ ಫೋನು ಮತ್ತೆ ಬಂತು.

ಹನ್ನೆರಡಕ್ಕೆ ಸರಿಯಾಗಿ ಮಳೆ ಹೊಡೆಯಿತು. ಹನ್ನೆರಡು ಹತ್ತಕ್ಕೆ ಸುಮಾ ಫೋನ್ ಮಾಡಿದಳು.

“ಮೋಹನ ನಿಮ್ಮ ಹತ್ರ ಬಂದಿದಾನಾ? ಊಟಕ್ಕೆ ಬಂದೇಬಿಡ್ತೀನಿ ಅಂದಿದ್ದ, ಇನ್ನೂ ಬಂದಿಲ್ಲ ರೀ.”

ನನ್ನ ಕಣ್ಣು ತಾನಾಗಿ ಲಾಗಿನ ಮೇಲೆ ಹೋಯಿತು. ನೀರು ಕೊಟ್ರೆ ಕುಡೀತಿಲ್ಲ. ಆ ಸಾಲನ್ನು ಬರೆದು ಇಪ್ಪತ್ತೆಂಟು ನಿಮಿಷ ಆಗಿತ್ತು. ಲಿಮ್ ಸೈಕಲ್ ಇಟ್ಟುಕೊಂಡಿದ್ದ, ಅವನೇ ಹತ್ತಿರದವನು. ಎರಡನೇ ಸೇತುವೆಯ ಕೆಳಗೆ ನೋಡು, ಬೇಗ ಹೋಗು ಅಂತ ಕಿರುಚಿದೆ. ಅವನು ಆ ಮಳೆಯಲ್ಲೇ ಹೋದ. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಮೋಹನ ಸೇತುವೆಯ ಕಂಬಕ್ಕೆ ಒರಗಿ ಕೂತಿದ್ದ. ಮೈ ಕಾದ ಕಾವಲಿಯಂತಿತ್ತು, ಬೆವರಿನ ಒಂದು ಹನಿಯೂ ಇರಲಿಲ್ಲ, ಏನು ಕೇಳಿದರೂ ತೊದಲು. ಲಿಮ್ ಬಾಟಲಿಯನ್ನು ತುಟಿಗೆ ಹಿಡಿದ. ಮೋಹನ ಕುಡಿಯಲಿಲ್ಲ.

ಆಂಬುಲೆನ್ಸ್ ಬಂತು, ಆಸ್ಪತ್ರೆ ಆಯಿತು. ಮೂರು ದಿನ ಐಸಿಯುವಿನ ಹೊರಗೆ ಸುಮಾ ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಅವನು ಕಣ್ಣು ಬಿಟ್ಟು ‘ಅಕ್ಕಾ, ಹಸಿವು’ ಅಂದ. ಆಮೇಲೆ ಅವಳ ಮಾತೇ ಬೇರೆಯಾಯಿತು. ಬಂದವರಿಗೆಲ್ಲ ನಮ್ಮ ಯಜಮಾನರ ರೇಡಿಯೋ ನನ್ನ ತಮ್ಮನನ್ನು ಉಳಿಸಿತು ಅನ್ನತೊಡಗಿದಳು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಸುದ್ದಿ ಬಂದರೂ ಇಪ್ಪತ್ತೆಂಟು ನಿಮಿಷ ಸಿಟ್ಟು ಮಾಡಿಕೊಂಡು ಕೂತಿದ್ದೆ ಅಂತ ಹೇಳುವ ಬಾಯಿ ಇರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಆಫೀಸಿನಲ್ಲಿ ಮನಸ್ಸಿಲ್ಲ.

ಮೂರ್ತಿ ಅಂಕಲ್‌ಗೆ ಥ್ಯಾಂಕ್ಸ್ ಹೇಳಲು ಹೋದೆ. ಅವರು ಕಣ್ಣು ಕಣ್ಣು ಬಿಟ್ಟರು. ಆ ಹೊತ್ತಿಗೆ ಅವರು ವ್ಯಾನಿನಲ್ಲಿದ್ದರು, ಸೆಟ್ಟು ಬ್ಯಾಗಿನೊಳಗೆ, ಬ್ಯಾಟರಿ ಬೇರೆ. ವ್ಯಾನು ಓಡಿಸಿದವನನ್ನೂ ವಿಚಾರಿಸಿದೆ, ಹೌದು ಅಂದ. ನನ್ನ ರೂಲನ್ನು ಆವತ್ತು ಚಾಚೂ ತಪ್ಪದೆ ಪಾಲಿಸಿದ್ದವರು ಅವರೊಬ್ಬರೇ. ನಾನು ಲಾಗಿನ ಸಾಲನ್ನು ಓದಿ ಹೇಳಿದೆ. ಅವರು “ದನಿ ನಂದೇನಾ?” ಅಂತ ಕೇಳಿದರು. ಹೌದು ಅಂಕಲ್ ಅಂದೆ.

“ನಿಮ್ಮ ಭಾಮೈದ ಓಡ್ತಿದಾನೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ ಕಣಪ್ಪ. ಅವನ ಹೆಸರು ನಂಗೆ ಹೇಗೆ ಗೊತ್ತಾಗ್ಬೇಕು?”

ಇಲ್ಲಿಗೇ ನಿಂತಿದ್ದರೆ ಇನ್ನೇನಾದರೂ ಕಾರಣ ಹುಡುಕುತ್ತಿದ್ದೆ. ಸುಸ್ತು, ಆತಂಕ, ಜ್ವರದ ಹುಡುಗನನ್ನು ಕಳಿಸಿದ ಅಪರಾಧದ ಭಾವನೆಯೇ ದನಿಯಾಗಿ ಕೇಳಿಸಿತು ಅಂತ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಮೋಹನ ಮನೆಗೆ ಬಂದ ಮೇಲೆ ಒಂದು ಸಂಜೆ ತನ್ನ ಓಟದ ವಾಚಿನ ಮ್ಯಾಪನ್ನು ಫೋನಿನಲ್ಲಿ ತೆರೆದು ತೋರಿಸಿದ. ತಲೆ ತಿರುಗಿ ದಾರಿ ತಪ್ಪಿ ಎಲ್ಲೆಲ್ಲಿ ಅಲೆದಿದ್ದೆ ನೋಡಿ ಭಾವ ಅಂತ ನಗುತ್ತಿದ್ದ. ಹನ್ನೊಂದು ನಲವತ್ತೆರಡಕ್ಕೆ ಅವನು ಸೇತುವೆಯ ಹತ್ತಿರವೇ ಇರಲಿಲ್ಲ. ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಬಿಸಿಲಲ್ಲಿ, ವಿರುದ್ಧ ದಿಕ್ಕಿಗೆ ನಡೆಯುತ್ತಿದ್ದ. ಅಲೆಯುತ್ತಾ ಹಿಂತಿರುಗಿ, ಮಳೆ ಬಂತು ಅಂತ ಅವನು ಸೇತುವೆಯ ಕೆಳಗೆ ಸೇರಿ ಕೂತದ್ದು ಹನ್ನೆರಡು ಮೂರಕ್ಕೆ.

ನಾನು ಲಾಗ್ ತಂದೆ. ಮುಂದಿನ ಸಾಲು, ಹಿಂದಿನ ಸಾಲು, ಉಳಿದ ಸ್ಟೇಷನ್ನುಗಳ ಪುಸ್ತಕ, ಎಲ್ಲದರ ಜೊತೆ ಟೈಮ್ ತಾಳೆ ನೋಡಿದೆ. ನನ್ನ ಗಡಿಯಾರ ಒಂದು ನಿಮಿಷವೂ ತಪ್ಪಿರಲಿಲ್ಲ. ಆವತ್ತು ರಾತ್ರಿ ಸುಮಾಳಿಗೆ ಎಲ್ಲ ಹೇಳಿಬಿಟ್ಟೆ, ಇಪ್ಪತ್ತೆಂಟು ನಿಮಿಷದ ಸಂಗತಿಯನ್ನೂ. ಬೈಯುತ್ತಾಳೆ ಅಂತ ಕಾದೆ. ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು.

“ಹಾಗಾದ್ರೆ ನೀವು ಆವಾಗ್ಲೇ ಯಾರನ್ನಾದ್ರೂ ಕಳಿಸಿದ್ರೆ, ಅಲ್ಲಿ ಯಾರೂ ಇಲ್ಲ ಅಂತ ನೋಡಿ ವಾಪಸ್ ಬರ್ತಿದ್ರು. ಆಮೇಲೆ ನಾನು ಫೋನ್ ಮಾಡಿದಾಗ ನೀವು ಆ ಬ್ರಿಡ್ಜೊಂದು ಬಿಟ್ಟು ಬೇರೆಲ್ಲ ಕಡೆ ಹುಡುಕಿಸ್ತಿದ್ರಿ, ಅಲ್ವಾ?”

ಅಷ್ಟು ಹೇಳಿ ಎದ್ದು ತಮ್ಮನ ರೂಮಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಎಂದೂ ಆ ಮಾತು ಎತ್ತಿಲ್ಲ.

ಮೂರ್ತಿ ಅಂಕಲ್ ಅಂದಿನಿಂದ ರೇಡಿಯೋ ಮುಟ್ಟಲಿಲ್ಲ. ಊರಿಗೆ ವಾಪಸ್ ಹೋಗುವಾಗ ತಮ್ಮ ಸೆಟ್ಟನ್ನು ನನಗೆ ಕೊಟ್ಟು ಹೋದರು. ಅದನ್ನು ಬೀರುವಿನಲ್ಲಿಟ್ಟು ಬ್ಯಾಟರಿಯನ್ನು ಬೇರೆ ರೂಮಿನಲ್ಲಿಟ್ಟಿದ್ದೇನೆ, ನಗಬೇಡಿ. ಮೋಹನನಿಗೆ ಈಗ ಒಬ್ಬಳು ಮಗಳಿದ್ದಾಳೆ. ಓಟಗಳು ಬಂದಾಗ ಕಂಟ್ರೋಲ್ ಮೇಜಿನಲ್ಲಿ ಈಗಲೂ ನಾನೇ ಕೂರುತ್ತೇನೆ. ಬ್ಯಾಟನ್ ಕೊಟ್ಟ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಎಲ್ಲಿಗೆ ಹೋದರು ಅನ್ನುವ ಕಾಲಮ್ ಲಾಗಿನಲ್ಲಿದೆ. ಒಂದೊಂದೇ ಸ್ಟೇಷನ್ ಮುಚ್ಚಿಸುತ್ತಾ ಬರುತ್ತೇನೆ, ಆರನೆಯದು ಮುಚ್ಚಿದ ಮೇಲೆ ಮಾತ್ರ ಪೆನ್ನು ಕೆಳಗಿಡಲಾಗುವುದಿಲ್ಲ. ಮತ್ತೆ ಅಂಥ ಒಂದು ಸಾಲು ಬಂದರೆ ಬರೆದುಕೊಳ್ಳುತ್ತೇನೆ, ಅದು ಖಂಡಿತ. ಆದರೆ ತಕ್ಷಣ ಜನರನ್ನು ಓಡಿಸಬೇಕೋ, ಇಪ್ಪತ್ತು ನಿಮಿಷ ಕೈಕಟ್ಟಿ ಕೂರಬೇಕೋ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.