ಕಲ್ಲಿಲ್ಲದ ಗದ್ದುಗೆ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಕಳೆದ ತಿಂಗಳು ಗುಂಡಗಿನ ಗಿಟುಕು ಕೊಬ್ಬರಿಯೊಂದನ್ನು ಒಡೆದೆ. ಅದರ ಸಿಹಿ ಎಣ್ಣೆಯ ವಾಸನೆಗೆ ನಮ್ಮೂರು ಬಿಳಿಗೆರೆಯಲ್ಲಿ ಪಕ್ಕದ ತೋಟದವರಾಗಿದ್ದ ದೊಡ್ಡಮ್ಮ ನೆನಪಾದರು. ನೆಂಟರೇನಲ್ಲ, ಹಾಗೆ ಕರೆದು ರೂಢಿ.

ಎಪ್ಪತ್ತರ ದಶಕದ ಕೊನೆ. ನಾನು ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಹಿಂದಿನ ವರ್ಷ ಅವರ ಯಜಮಾನರು, ನಮಗೆ ದೊಡ್ಡಪ್ಪ, ತೀರಿಕೊಂಡಿದ್ದರು. ನಮ್ಮ ಪದ್ಧತಿಯಂತೆ ಅವರನ್ನು ಸ್ವಂತ ತೋಟದಲ್ಲೇ, ಅವರೇ ನೆಟ್ಟಿದ್ದ ತೆಂಗಿನ ಮರದ ಪಕ್ಕ, ಕೂರಿಸಿ ಮಣ್ಣು ಮಾಡಿದ್ದರು. ನಾನು ರಜೆಗೆ ಬಂದಾಗ ಅವರ ಮಗ ಆ ಸಮಾಧಿಯ ಮೇಲೆ ಗದ್ದುಗೆ ಕಟ್ಟಿಸಲು ಚಪ್ಪಡಿ ಕಲ್ಲು ತರಿಸಿದ್ದ. ಮರ ಕಡಿಯುವವರೂ ಬಂದಿದ್ದರು. ದೊಡ್ಡಮ್ಮ ಮರಕ್ಕೆ ಬೆನ್ನು ಕೊಟ್ಟು, ಎಲೆಯಡಿಕೆ ಮೆಲ್ಲುತ್ತಾ ಕೂತುಬಿಟ್ಟಿದ್ದರು.

“ಕಾಯಿ ಬಿದ್ದು ಗದ್ದುಗೆ ಒಡೆದೋಯ್ತದೆ ಕಣಮ್ಮ, ಏಳು,” ಎಂದ ಮಗ.

“ಬದುಕೆಲ್ಲಾ ಇದರ ಕೆಳಗೇ ಓಡಾಡ್ದೋರು. ಈಗ ಬೀಳೋ ಕಾಯಿಗೆ ಹೆದರ್ತಾರೇನ್ಲಾ?”

ಕಡಿಯಲು ಬಂದವರು ನಕ್ಕರು. ಮಗ ನನ್ನ ಕಡೆ ತಿರುಗಿದ. “ನೀನಾದ್ರೂ ಹೇಳ್ಲಾ, ಓದ್ದೋನು.”

ನಾನೇನು ಹೇಳಿದೆನೋ… ನೆನಪಿಲ್ಲ. ದೊಡ್ಡಮ್ಮನ ದನಿ ಇಳಿದದ್ದು ಮಾತ್ರ ನೆನಪಿದೆ. “ಬೇರು ಇಷ್ಟೊತ್ಗೆ ಅವರ್ನ ಮುಟ್ಟಿರ್ತದೆ ಕಣಪ್ಪ. ಅರ್ಧ ಮರದೊಳಗೇ ಅವ್ರೆ. ಇದನ್ನ ಕಡ್ದು ನನ್ನ ಎರಡ್ನೇ ಸತಿ ಮುಂಡೆ ಮಾಡ್ಬೇಡಿ.”

ಮಗ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಕೊಡಲಿಗಳೂ ಅವನ ಹಿಂದೆಯೇ ಹೋದವು.

ಇಲ್ಲಿಯೇ ನನ್ನ ಅನುಮಾನ. ‘ನಾನು’ ಎಂಬುದು ಚರ್ಮಕ್ಕೆ ಮುಗಿಯುವುದಿಲ್ಲ, ಮರದವರೆಗೂ ಹೊಳೆಯವರೆಗೂ ಹರಡಿದೆ, ಮರ ಉಳಿಸುವವನು ತನ್ನನ್ನೇ ಉಳಿಸಿಕೊಳ್ಳುತ್ತಾನೆ ಎಂಬ ವಾದವನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಓದಿದ್ದನ್ನು ದೊಡ್ಡಮ್ಮನ ಬಾಯಲ್ಲಿ ನಾನೇ ಇಟ್ಟೆನೇ? ಆ ವಾದದಲ್ಲಿ ಇಂದಿಗೂ ನನಗೆ ಪೂರ್ತಿ ನಂಬಿಕೆಯಿಲ್ಲ. ಎಲ್ಲವೂ ನಾನೇ ಆದರೆ ಕಳೆದುಕೊಳ್ಳುವವರು ಯಾರು? ದೊಡ್ಡಮ್ಮ ಕಳೆದುಕೊಂಡಿದ್ದರು. ಸಂಜೆ ಆ ಮರದ ಬುಡಕ್ಕೆ ಒಂದು ಚೊಂಬು ನೀರು ಹುಯ್ದು ಏನೋ ಹೇಳಿಕೊಳ್ಳುತ್ತಾ ಕೂರುತ್ತಿದ್ದರು… ಮರಕ್ಕೋ, ದೊಡ್ಡಪ್ಪನಿಗೋ.

ಅವರೂ ಹೋಗಿ ಬಹಳ ಕಾಲವಾಯಿತು. ಆಗ ನಾನು ಊರಿನಲ್ಲಿರಲಿಲ್ಲ. ಕೊಬ್ಬರಿ ಒಡೆದ ವಾರವೇ ಬಸ್ಸು ಹತ್ತಿ ಊರಿಗೆ ಹೋದೆ. ಮಗನೂ ಈಗ ಮುದುಕ. ಅಮ್ಮ ಆವತ್ತು ಅಂದದ್ದೇನೆಂದು ಕೇಳಿದೆ. “ಏನೋ ಬೈದ್ಲು ಕಣ್ಲಾ, ನೆಪ್ಪಿಲ್ಲ ಬುಡು,” ಎಂದು ತೋಟಕ್ಕೆ ಕರೆದೊಯ್ದ. ಆ ಚಪ್ಪಡಿಗಳು ಬಾವಿಯ ಬಳಿ ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ಮರ ಇದೆ. ದೊಡ್ಡಮ್ಮನನ್ನು ಅದರ ಇನ್ನೊಂದು ಪಕ್ಕದಲ್ಲಿ ಮಣ್ಣು ಮಾಡಿದ್ದಾರೆ. ಮೇಲೆ ಕಲ್ಲಿಲ್ಲ.